ದುಡ್ಡು ಬರುವ ತಾರೀಖು, ಫೀಸು ಕಟ್ಟುವ ತಾರೀಖು

ದಾವಣಗೆರೆಯ ವಿದ್ಯಾನಗರದ ಕಡೆ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಬಸ್ ಪಾಸು, ಪರೀಕ್ಷೆ ಫೀಸು, ಎಲ್ಲಾ ಆನ್‌ಲೈನ್ ಕೆಲಸ ಮಾಡಿಕೊಡುತ್ತೇವೆ. ತೋಳಹುಣಸೆಯ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ., ಎಂ.ಎ. ಓದುವವರು ಬರುತ್ತಾರೆ. ಊರೊಳಗಿನ ಡಿಗ್ರಿ ಕಾಲೇಜಿನವರು, ಇಂಜಿನಿಯರಿಂಗ್‌ನವರು, ನರ್ಸಿಂಗ್‌ನವರು ಬರುತ್ತಾರೆ. ಕೌಂಟರಿನ ಈ ಕಡೆ ಕೂತರೆ ಯಾರ ಜೇಬು ಹೇಗಿದೆ ಅಂತ ಬೇಗ ಗೊತ್ತಾಗುತ್ತದೆ. ನೋಟ್ಸಿನ ಎರಡೂ ಬದಿ ಒಂದೇ ಹಾಳೆಗೆ ಹೊಡೆದುಕೊಡಿ ಅನ್ನುವವರು, ಫೋನ್‌ಪೇ ಮಾಡುವ ಮುಂಚೆ ಆ ಕಡೆ ತಿರುಗಿ ಬ್ಯಾಲೆನ್ಸ್ ನೋಡಿಕೊಳ್ಳುವವರು, "ಅಕ್ಕಾ, ಸೋಮವಾರ ಕೊಡ್ತೀನಿ" ಅನ್ನುವವರು.

ನಾನು ಕಂಡ ಹಾಗೆ, ಇವರಲ್ಲಿ ತುಂಬಾ ಜನರ ಮನೆಗೆ ವರ್ಷದ ಲೆಕ್ಕದಲ್ಲಿ ಬರುವ ದುಡ್ಡು ಮಕ್ಕಳ ಓದಿಗೆ ಹೇಗೋ ಸಾಕಾಗುತ್ತದೆ. ತೊಂದರೆ ಇರುವುದು ತಾರೀಖಿನಲ್ಲಿ. ಜಗಳೂರು ಕಡೆಯ ಅಪ್ಪ ಮೆಕ್ಕೆಜೋಳ ಬಿತ್ತುವುದು ಜೂನ್‌ನಲ್ಲಿ, ಒಣಗಿಸಿ ಮಾರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಚಳ್ಳಕೆರೆ ಕಡೆಯ ಶೇಂಗಾದ ಕಥೆಯೂ ಹೆಚ್ಚುಕಡಿಮೆ ಅದೇ. ಕಾಲೇಜಿನ ಫೀಸು, ರೂಮಿನ ಅಡ್ವಾನ್ಸು, ಮೆಸ್ಸಿನ ಅಡ್ವಾನ್ಸು ಮಾತ್ರ ಮಳೆಗಾಲದಲ್ಲೇ ಬಂದು ನಿಲ್ಲುತ್ತವೆ. ಅಪ್ಪ ಬೀಜ, ಗೊಬ್ಬರಕ್ಕೆ ಸಾಲ ಮಾಡಿ ಕೂತ ಹೊತ್ತಿಗೇ ಮಗಳು ಫೋನ್ ಮಾಡಿ ದುಡ್ಡು ಕೇಳಬೇಕು. ಸ್ಕಾಲರ್‌ಶಿಪ್ಪು ಅದಕ್ಕಿಂತ ತಡ. ಈ ನಡುವಿನ ತಿಂಗಳುಗಳಲ್ಲೇ ಹುಡುಗರು ಮೊದಲು ಊಟ ಬಿಡುತ್ತಾರೆ, ಆಮೇಲೆ ನಿದ್ದೆ, ಕೊನೆಗೆ ಕ್ಲಾಸು. ಈ ತಿಂಗಳುಗಳನ್ನು ದಾಟುವ ದಾರಿಯ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಗೋಡೆಗೊಂದು ಕ್ಯಾಲೆಂಡರ್

ತಿಂಗಳ ಬಜೆಟ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ತಿಂಗಳಿಗೆ ಸಂಬಳ ಬರುವ ಮನೆಗೆ ಅದು ಸರಿ. ಬೆಳೆ ಬಂದಾಗ ದುಡ್ಡು ನೋಡುವ ಮನೆಗೆ ವರ್ಷದ ಲೆಕ್ಕವೇ ಬೇಕು. ಒಂದು ಗೋಡೆ ಕ್ಯಾಲೆಂಡರ್ ತಗೊಳ್ಳಿ. ಹೋಗುವ ದುಡ್ಡನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ: ಕಾಲೇಜು ಫೀಸು, ಪರೀಕ್ಷೆ ಫೀಸು, ರೂಮಿನ ಬಾಡಿಗೆ, ಮೆಸ್ಸು, ಊರಿಗೆ ಹೋಗಿಬರುವ ಖರ್ಚು. ಪರೀಕ್ಷೆ ಫೀಸನ್ನು ತುಂಬಾ ಜನ ಮರೆಯುತ್ತಾರೆ. ದಂಡವಿಲ್ಲದೆ ಕಟ್ಟುವ ಕೊನೆ ದಿನ ಬೇರೆ, ದಂಡದ ಜೊತೆ ಕಟ್ಟುವ ಕೊನೆ ದಿನ ಬೇರೆ. ಎರಡನ್ನೂ ಬರೆದುಕೊಳ್ಳಿ.

ಬರುವ ದುಡ್ಡನ್ನು ನೀಲಿ ಪೆನ್ನಿನಲ್ಲಿ ಬರೆಯಿರಿ. ಇಲ್ಲಿ ಸ್ವಲ್ಪ ಜಿಪುಣರಾಗಿರಿ. ಖಚಿತವಾಗಿ ಬರುವುದನ್ನಷ್ಟೇ ಬರೆಯಬೇಕು. ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಬಂತು, ಅದೇ ತಾರೀಖಿಗೆ ಬರುತ್ತದೆ ಅಂತ ಮೆಸ್ಸಿನವರಿಗೆ ಮಾತು ಕೊಡಬೇಡಿ. ಸ್ಕಾಲರ್‌ಶಿಪ್ಪನ್ನಂತೂ ಖಾತೆಗೆ ಬೀಳುವ ತನಕ ಬರೆಯಲೇಬೇಡಿ. ಮದುವೆ ಮನೆಯಲ್ಲಿ ಬಡಿಸುವ ಕೇಟರಿಂಗ್ ಕೆಲಸಕ್ಕೆ ಹೋಗುವ ಹುಡುಗರಿಗೆ ಇನ್ನೊಂದು ಮಾತು: ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಫೀಸಿನ ಹೊತ್ತಿಗೆ ಸರಿಯಾಗಿ ಆಷಾಢ ಬರುತ್ತದೆ. ಮೇ ತಿಂಗಳ ಮದುವೆಗಳಲ್ಲಿ ದುಡಿದದ್ದನ್ನು ಜುಲೈಗೆ ಅಂತ ಎತ್ತಿಡಬೇಕು.

ಬರೆದಾದ ಮೇಲೆ ಕೆಂಪು ಜಾಸ್ತಿ, ನೀಲಿ ಏನೂ ಇಲ್ಲದ ತಿಂಗಳುಗಳು ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್. ಮುಂದೆ ಹೇಳುವುದೆಲ್ಲ ಆ ತಿಂಗಳುಗಳಿಗೆ.

ಅರ್ಜಿಯ ಕೆಲಸ

ಇದರಲ್ಲಿ ನಾನು ಸ್ವಲ್ಪ ಉದ್ದ ಹೇಳುತ್ತೇನೆ, ದಿನಾ ನೋಡುವುದು ಇದನ್ನೇ ಅಲ್ವಾ.

ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ತೆರೆದ ದಿನ ಯಾರೂ ಬರುವುದಿಲ್ಲ. ಕೊನೆಯ ವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸರ್ವರ್ ಆಮೆಯ ಥರ ಹೋಗುತ್ತಿರುತ್ತದೆ. ಅರ್ಜಿ ಕರೆಯುವ ಮುಂಚೆಯೇ ಮಾಡಿಟ್ಟುಕೊಳ್ಳುವ ಕೆಲಸಗಳು ಇವೆ.

ಜಾತಿ–ಆದಾಯ ಪ್ರಮಾಣಪತ್ರ ತೆಗೆದು ನೋಡಿ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಪಿಯುಸಿ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಮುಗಿದುಹೋಗುತ್ತದೆ. ಮುಗಿದಿದ್ದರೆ ನಿಮ್ಮ ಹೋಬಳಿಯ ನಾಡಕಚೇರಿಗೆ ಅರ್ಜಿ ಹಾಕಿ. ಎಸ್‌ಎಸ್‌ಪಿಯಲ್ಲಿ ಕೇಳುವುದು ಅದರ ಮೇಲಿನ ಆರ್‌ಡಿ ನಂಬರನ್ನು. ಅದರ ಒಂದು ಫೋಟೋ ಫೋನಿನಲ್ಲಿ ಇರಲಿ.

ಆಮೇಲೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು. ಅಂಕಪಟ್ಟಿಯನ್ನು ಹಿಡಿದುಕೊಂಡು ಆಧಾರ್ ಸರಿ ಮಾಡಿಸಿ, ಉಲ್ಟಾ ಹೋಗಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ 2 ಸಲ ಮಾತ್ರ ಅವಕಾಶ. ಅಕ್ಷರ ನೋಡಿಕೊಂಡು ಕೊಡಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಆಧಾರ್ ಸೀಡಿಂಗ್, ಅಂದರೆ ಆಧಾರನ್ನು ಬ್ಯಾಂಕ್ ಖಾತೆಗೆ ಜೋಡಿಸುವುದು. ಅರ್ಜಿಯಲ್ಲಿ ನೀವು ಯಾವ ಖಾತೆ ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ ಅನ್ನುವುದು ಮುಖ್ಯವಲ್ಲ. ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ ಎನ್‌ಪಿಸಿಐ ಲೆಕ್ಕದಲ್ಲಿ ನಿಮ್ಮ ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ. ಒಬ್ಬ ಹುಡುಗ ದುಡ್ಡು ಬಂದಿಲ್ಲ ಅಂತ ಕಾಲೇಜಿನವರ ಹತ್ತಿರ, ಇಲಾಖೆಯವರ ಹತ್ತಿರ ಅಲೆದು ಸುಸ್ತಾಗಿದ್ದ. ನೋಡಿದರೆ ಎಂದೋ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ಆಗಿತ್ತು, ದುಡ್ಡು ಅಲ್ಲಿ ಬಿದ್ದಿತ್ತು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಓಟಿಪಿ ಹಾಕಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಯಾವ ಯೋಜನೆಯಿಂದ ಎಷ್ಟು ಬಂತು, ಯಾವ ಖಾತೆಗೆ ಬಂತು ಅಂತ ನೋಡಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬಂದ್ ಆಗಿದ್ದರೆ ಇದ್ಯಾವುದೂ ಆಗುವುದಿಲ್ಲ. ರೀಚಾರ್ಜ್ ದುಬಾರಿ ಅಂತ ಆ ಸಿಮ್ ಬಿಸಾಡಬೇಡಿ.

ಹಾಸ್ಟೆಲ್ ಸಿಗದವರು ವಿದ್ಯಾಸಿರಿ ಬಗ್ಗೆ ಕೇಳಿರಬೇಕು. ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ಶುರುವಾದ ಯೋಜನೆ. ಆಗ ಇಟ್ಟ ಮೊತ್ತ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು. ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದು ಇಲ್ಲ. ನನ್ನನ್ನು ಕೇಳಿದರೆ ಮೊದಲು ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೇ ಅರ್ಜಿ ಹಾಕಿ. ಅಲ್ಲಿನ ಸಾರು ನೀರು, ಬೇಳೆ ಹುಡುಕಬೇಕು ಅಂತ ಹುಡುಗರು ನಗಾಡುತ್ತಾರೆ. ಇರಲಿ. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರುತ್ತದೆ, ಸ್ಕಾಲರ್‌ಶಿಪ್ ತಡವಾದರೂ ಊಟ ತಡವಾಗುವುದಿಲ್ಲ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಅಂತ ಸುಮ್ನಾಗಬೇಡಿ. ಸೀಟು ಖಾಲಿ ಆಗುತ್ತಿರುತ್ತವೆ, ವಾರ್ಡನ್‌ರನ್ನು ಕೇಳುತ್ತಿರಿ.

ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ 2021ರಲ್ಲಿ ಬಂತು. ಡಿಗ್ರಿಯ ಹುಡುಗರಿಗೆ 5,000, ಹುಡುಗಿಯರಿಗೆ 5,500, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಅಂತ ಇಟ್ಟಿದ್ದರು. ಇದಕ್ಕೆ ಅಪ್ಪನದೋ ಅವ್ವನದೋ ಎಫ್‌ಐಡಿ ನಂಬರ್, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು. ಪಹಣಿ, ಆಧಾರ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಅಲ್ಲೇ ಗಾಡಿ ನಿಂತಿತು ಅಂತ ಅರ್ಥ. ಪೌತಿ ಖಾತೆ ಮಾಡಿಸಲು, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಮನೆಯಲ್ಲಿ ಈಗಲೇ ಹೇಳಿ. ಯೋಜನೆಗಳ ಮೊತ್ತ, ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹಾಗಾಗಿ ಈ ವರ್ಷದ ಆದೇಶ ಏನು ಅಂತ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕೇಳಿಯೇ ಲೆಕ್ಕ ಹಾಕಿ.

ಯುವನಿಧಿ ಭತ್ಯೆ ಬರುತ್ತದಾ ಅಂತ ಎಂ.ಎ. ಓದುವವರು ಕೇಳುತ್ತಾರೆ. ಅದು ಡಿಗ್ರಿ ಮುಗಿಸಿ 6 ತಿಂಗಳಾದರೂ ಕೆಲಸ ಸಿಗದವರಿಗೆ. ಮುಂದೆ ಓದುತ್ತಿರುವವರಿಗೆ ಇಲ್ಲ.

ಆಫೀಸಿಗೆ ಬರೆಯುವ ಪತ್ರ

ಫೀಸು ಕಟ್ಟಲು ಆಗದ ಹುಡುಗರು ಮಾಡುವ ಮೊದಲ ಕೆಲಸ ಕಾಲೇಜಿನ ಆಫೀಸಿನ ಮುಂದೆ ಓಡಾಡುವುದನ್ನು ಬಿಡುವುದು. ಆಮೇಲೆ ಕ್ಲಾಸ್ ಟೀಚರ್ ಕಣ್ಣಿಗೆ ಬೀಳಬಾರದು ಅಂತ ಕ್ಲಾಸ್ ಬಿಡುತ್ತಾರೆ. ಹಾಜರಿ ಕಡಿಮೆ ಬೀಳುತ್ತದೆ. ಫೀಸಿನ ಕಷ್ಟ ಒಂದೇ ಇದ್ದದ್ದು ಎರಡಾಯಿತು.

ಕೊನೆ ತಾರೀಖಿಗೆ ಮುಂಚೆಯೇ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯದಲ್ಲಾದರೆ ವಿಭಾಗದ ಮುಖ್ಯಸ್ಥರ ಮೂಲಕ, ಒಂದು ಪತ್ರ ಕೊಡಿ. ನಮ್ಮ ಅಂಗಡಿಯಲ್ಲಿ ಟೈಪ್ ಮಾಡಿಸುವ ಪತ್ರಗಳಲ್ಲಿ ಎಲ್ಲರೂ "ನಾವು ಕಡುಬಡವರು, ದಯವಿಟ್ಟು ಕರುಣೆ ತೋರಿ" ಅಂತ ಬರೆಸುತ್ತಾರೆ. ನಾನು ಅದನ್ನು ತೆಗೆಸುತ್ತೇನೆ. ಅದನ್ನು ಓದಿ ಅವರು ಏನು ಮಾಡಬೇಕು ಹೇಳಿ? ಅವರಿಗೆ ಬೇಕಾಗಿರುವುದು ಮೊತ್ತ, ತಾರೀಖು. ಹೀಗೆ ಬರೆಯಿರಿ:

"ನನ್ನ ಈ ವರ್ಷದ ಶುಲ್ಕದಲ್ಲಿ 4,000 ರೂಪಾಯಿಯನ್ನು ಈಗ ಕಟ್ಟುತ್ತಿದ್ದೇನೆ. ನಮ್ಮದು ಮಳೆ ಆಧಾರಿತ ಜಮೀನು. ಮೆಕ್ಕೆಜೋಳ ಮಾರಾಟವಾದ ನಂತರ ಉಳಿದ ಮೊತ್ತವನ್ನು ಡಿಸೆಂಬರ್ 20ರ ಒಳಗೆ ಕಟ್ಟುತ್ತೇನೆ. ಎಸ್‌ಎಸ್‌ಪಿ ಅರ್ಜಿ ಸಲ್ಲಿಸಿದ ಸ್ವೀಕೃತಿ ಲಗತ್ತಿಸಿದೆ. ಅಲ್ಲಿಯವರೆಗೆ ತರಗತಿಗೆ ಮತ್ತು ಪರೀಕ್ಷೆಗೆ ಅವಕಾಶ ಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಪ್ಪಲೇಬೇಕು ಅಂತ ಏನಿಲ್ಲ, ಆದರೆ ಸ್ವಲ್ಪವಾದರೂ ಕಟ್ಟಿ ತಾರೀಖು ಹೇಳುವವರಿಗೆ ಬಾಗಿಲು ತೆರೆಯುವುದನ್ನು ಜಾಸ್ತಿ ನೋಡಿದ್ದೇನೆ. ಅಪ್ಪನನ್ನು ಕರೆದುಕೊಂಡು ಬರಬೇಕು ಅಂದರೆ ಕರೆಸಿ, ನಾಚಿಕೆ ಬೇಡ.

ಫೀಸು ಬಾಕಿ ಅಂತ ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಕಾಲೇಜುಗಳೂ ಇವೆ. ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಸೀಟು ಬಿಡುವವರಿಗೆ ಶುಲ್ಕ ವಾಪಸ್ ಕೊಡುವ ಲೆಕ್ಕವೂ ಅದೇ ಆದೇಶದಲ್ಲಿದೆ: ಪ್ರವೇಶದ ಕೊನೆ ದಿನಕ್ಕೆ 15 ದಿನವೋ ಅದಕ್ಕಿಂತ ಮುಂಚೆಯೋ ಬಿಟ್ಟರೆ ಪೂರ್ತಿ, ಆಮೇಲೆ ಇಳಿಯುತ್ತಾ ಹೋಗಿ, ಕೊನೆ ದಿನ ಮುಗಿದು 30 ದಿನ ದಾಟಿದರೆ ಏನೂ ಇಲ್ಲ. ಬಿಡುವುದೇ ಆದರೆ ಬೇಗ ಬರೆದು ಕೊಡಿ.

ಊಟ

ದುಡ್ಡು ಕಡಿಮೆ ಆದಾಗ ಮೊದಲು ಕತ್ತರಿ ಬೀಳುವುದು ಬೆಳಗಿನ ತಿಂಡಿಗೆ. ಮಧ್ಯಾಹ್ನ ಒಂದು ಪ್ಲೇಟ್ ಮಂಡಕ್ಕಿ, ಜೊತೆಗೆ ಮಿರ್ಚಿ. ರಾತ್ರಿ ಅವ್ವ ಫೋನ್ ಮಾಡಿದರೆ "ಊಟ ಆತವ್ವ". ನಮ್ಮೂರ ಮಂಡಕ್ಕಿ ಬಗ್ಗೆ ನನಗೂ ಅಭಿಮಾನ ಇದೆ, ಆದರೆ ಅದು ಸಂಜೆಯ ತಿಂಡಿ. ಅದನ್ನೇ ಊಟ ಮಾಡಿಕೊಂಡವರು ಪರೀಕ್ಷೆ ಹೊತ್ತಿಗೆ ತಲೆಸುತ್ತು ಅಂತ ಆಸ್ಪತ್ರೆ ಸೇರಿದ್ದನ್ನು ಕಂಡಿದ್ದೇನೆ.

ಕೈಯಲ್ಲಿ ದುಡ್ಡು ಇದ್ದ ತಿಂಗಳು ಮೆಸ್ಸಿಗೆ ಮುಂಗಡ ಕಟ್ಟಿಬಿಡಿ. ಇಡೀ ತಿಂಗಳು ಆಗದಿದ್ದರೆ ಕೂಪನ್ ಕೊಡುವ ಮೆಸ್ ಹುಡುಕಿ, ಊರಿಗೆ ಹೋದ ದಿನದ ಊಟ ಉಳಿಯುತ್ತದೆ. ಇಂದಿರಾ ಕ್ಯಾಂಟೀನ್‌ನಲ್ಲಿ ಶುರುವಿನಿಂದ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಕಾಲೇಜಿನ ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡು ಸಾಲಿನಲ್ಲಿ ನಿಲ್ಲಲು ಮುಜುಗರ ಅನ್ನುತ್ತಾರೆ ಕೆಲವರು. ಕಾರ್ಡನ್ನು ಜೇಬಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ರೂಮಿನಲ್ಲಿ ನಾಲ್ಕು ಜನ ಸೇರಿ ಅಡಿಗೆ ಮಾಡಿದರೆ ಮೆಸ್ಸಿಗಿಂತ ಕಡಿಮೆಗೆ ಆಗುತ್ತದೆ, ಒಂದು ಷರತ್ತಿನ ಮೇಲೆ: ಪಾತ್ರೆ ತೊಳೆಯುವ ಸರದಿ ಮೊದಲೇ ಬರೆದು ಅಂಟಿಸಿರಬೇಕು. ರೂಮುಗಳು ಒಡೆಯುವುದು ದುಡ್ಡಿಗಿಂತ ಪಾತ್ರೆ ವಿಷಯಕ್ಕೇ ಜಾಸ್ತಿ. ಊರಿಂದ ಅಕ್ಕಿ, ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ ತನ್ನಿ. ಊರಿಗೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಹುಡುಗಿಯರು ಅರ್ಧ ಗಂಟೆ ಕಾದರೂ ಪರವಾಗಿಲ್ಲ ಅಂತ ಕೆಂಪು ಬಸ್ಸಿಗೇ ನಿಲ್ಲುತ್ತಾರೆ, ಸರಿ ಮಾಡುತ್ತಾರೆ. ಹುಡುಗರು ವರ್ಷದ ಶುರುವಿನಲ್ಲೇ ಸೇವಾಸಿಂಧು ಮೂಲಕ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಿ.

ಸಾಲ ಮಾಡಲೇಬೇಕಾದರೆ

ಗೆಳೆಯರ ಹತ್ತಿರ ಕೈಗಡ ತಗೊಂಡರೆ ವಾಪಸ್ ಕೊಡುವ ತಾರೀಖನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಬಾಯಿಮಾತಿನ ಸಾಲ ಗೆಳೆತನವನ್ನು ತಿನ್ನುತ್ತದೆ. ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಡಿ. ಇದರ ಬಗ್ಗೆ ಎರಡನೇ ಮಾತಿಲ್ಲ.

ದೊಡ್ಡ ಕೋರ್ಸಿನವರಿಗೆ ಬ್ಯಾಂಕಿನ ಶಿಕ್ಷಣ ಸಾಲ ಇದೆ. 7.5 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಕೊಡುವ ವ್ಯವಸ್ಥೆ ಇದೆ, ಅಪ್ಪ ಅಥವಾ ಅವ್ವ ಜೊತೆಗೆ ಸಹಿ ಹಾಕಬೇಕು. ಕೋರ್ಸ್ ಮುಗಿದು 1 ವರ್ಷದ ತನಕ ಕಂತು ಸಾಮಾನ್ಯವಾಗಿ ಶುರುವಾಗುವುದಿಲ್ಲ. ಮ್ಯಾನೇಜರ್ ಬಾಯಲ್ಲಿ "ಆಗಲ್ಲ" ಅಂದರೆ ಎದ್ದು ಬರಬೇಡಿ. ಅರ್ಜಿ ಕೊಟ್ಟು, ಯಾಕೆ ಆಗಲ್ಲ ಅಂತ ಬರವಣಿಗೆಯಲ್ಲಿ ಕೇಳಿ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ವಿಷಯ. ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ: ದುಡ್ಡು ನೇರವಾಗಿ ಸಾಲಗಾರರ ಖಾತೆಗೇ ಬರಬೇಕು, ಒಟ್ಟು ವಾರ್ಷಿಕ ಬಡ್ಡಿ ಎಷ್ಟು ಅಂತ ಮೊದಲೇ ಬರೆದು ತೋರಿಸಬೇಕು, ನಿಮ್ಮ ಕಾಂಟ್ಯಾಕ್ಟು, ಫೋಟೋಗಳನ್ನು ಮುಟ್ಟಬಾರದು. ಆ್ಯಪ್ ಹಾಕಿದ ತಕ್ಷಣ ಕಾಂಟ್ಯಾಕ್ಟ್ ಅನುಮತಿ ಕೇಳಿದರೆ ಅಲ್ಲೇ ತೆಗೆದುಹಾಕಿ. ಅವರಿಗೆ ನಿಮ್ಮ ಫೋನ್ ಬುಕ್ಕೇ ಅಡಮಾನ. ಈಗಾಗಲೇ ಸಿಕ್ಕಿಬಿದ್ದಿದ್ದು, ಫೋಟೋ ತಿದ್ದಿ ಎಲ್ಲರಿಗೂ ಕಳಿಸುತ್ತೇವೆ ಅಂತ ಹೆದರಿಸುತ್ತಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲೂ ಅವತ್ತೇ ಹೇಳಿ. ಮನೆಯವರಿಗೆ ಗೊತ್ತಾದ ಮೇಲೆ ಆ ಬೆದರಿಕೆಗೆ ಜೋರು ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಒಂದು ಬಂದಿದೆ. "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ." ಕಾಲೇಜು ಹುಡುಗರನ್ನೇ ಹುಡುಕಿಕೊಂಡು ಬರುತ್ತಾರೆ. ಅದು ಆನ್‌ಲೈನ್ ವಂಚನೆಯ ದುಡ್ಡು ದಾಟಿಸುವ ದಾರಿ. ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಖಾತೆ ಫ್ರೀಜ್ ಆದರೆ ಸ್ಕಾಲರ್‌ಶಿಪ್ಪೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ತಲೆ ಓಡದ ದಿನಗಳು

"ಅಕ್ಕಾ, ಓದಿದ್ದು ತಲೆಗೆ ಹತ್ತುತ್ತಿಲ್ಲ, ನಾನೇ ದಡ್ಡ ಇರಬೇಕು" ಅನ್ನುವವರಿಗೆ ನಾನು ಒಂದು ಸಂಶೋಧನೆಯ ಕಥೆ ಹೇಳುತ್ತೇನೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿ ಪರೀಕ್ಷೆ ಕೊಟ್ಟರು. ಅದೇ ರೈತರು, ಅದೇ ತಲೆ. ದುಡ್ಡಿಲ್ಲದ ತಿಂಗಳುಗಳಲ್ಲಿ ಅಂಕ ಕಡಿಮೆ ಬಂತು, ಬಂದ ಮೇಲೆ ಏರಿತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ದುಡ್ಡಿನ ಲೆಕ್ಕ ತಲೆಯಲ್ಲಿ ಕೂತಿದ್ದರೆ ಬೇರೆ ಯೋಚನೆಗೆ ಜಾಗ ಕಡಿಮೆ ಅಂತ ಅವರು ವಿವರಿಸಿದರು. ಕಬ್ಬಿನ ರೈತರಿಗೆ ಆದದ್ದು ರೈತರ ಮಕ್ಕಳಿಗೆ ಆಗದೆ ಇರುತ್ತದೆಯೇ? ಹಾಗಾಗಿ ಕೆಂಪು ಪೆನ್ನಿನ ತಿಂಗಳುಗಳಲ್ಲಿ ಕಷ್ಟದ ವಿಷಯವನ್ನು ಬೆಳಿಗ್ಗೆ, ತಿಂಡಿ ತಿಂದ ಮೇಲೆ ಓದಿ. ದುಡ್ಡಿನ ಲೆಕ್ಕಕ್ಕೆ ಸಂಜೆ ಒಂದು ಹೊತ್ತು ಇಡಿ, ಹಾಳೆಯ ಮೇಲೆ ಬರೆದು ಮುಚ್ಚಿಡಿ. ರಾತ್ರಿ ಮಲಗಿ ಲೆಕ್ಕ ಹಾಕಿದರೆ ಯಾವ ಲೆಕ್ಕವೂ ಬಗೆಹರಿಯುವುದಿಲ್ಲ.

ಒಬ್ಬರಿಗಾದರೂ ಪೂರ್ತಿ ಲೆಕ್ಕ ಗೊತ್ತಿರಲಿ. ರೂಮ್‌ಮೇಟ್, ಅಣ್ಣ, ಒಬ್ಬ ಮೇಷ್ಟ್ರು, ಯಾರಾದರೂ. ಹುಟ್ಟುಹಬ್ಬದ ಕೇಕಿಗೆ ದುಡ್ಡು ಸೇರಿಸುವಾಗ, ಟ್ರಿಪ್ಪಿಗೆ ಕರೆದಾಗ ನೂರೆಂಟು ನೆಪ ಹೇಳಿ ತಪ್ಪಿಸಿಕೊಳ್ಳುವವರು ಕೊನೆಗೆ ಗೆಳೆಯರನ್ನೇ ಕಳೆದುಕೊಳ್ಳುತ್ತಾರೆ. "ಈ ತಿಂಗಳು ಆಗಲ್ಲಪ್ಪ, ಡಿಸೆಂಬರ್ ಮೇಲೆ ನೋಡೋಣ" ಅಂದರೆ ಸಾಕು. ತಾರೀಖು ಹೇಳಿದರೆ ಯಾರೂ ಮುಂದೆ ಕೆದಕುವುದಿಲ್ಲ.

ಮನೆಯ ಫೋನ್ ಎತ್ತಲು ಮನಸ್ಸಾಗದಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸ್ನಾನಕ್ಕೂ ಏಳಲು ಆಗದಿದ್ದರೆ ಅದನ್ನು ಬರೀ ದುಡ್ಡಿನ ಚಿಂತೆ ಅಂತ ತಳ್ಳಿಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನ್ನುವವರು ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಸಾಯುವ ಯೋಚನೆ ಬರುತ್ತಿದ್ದರೆ ಆ ಹೊತ್ತು ಒಬ್ಬರೇ ರೂಮಿನಲ್ಲಿ ಇರಬೇಡಿ. ಪಕ್ಕದ ರೂಮಿನ ಬಾಗಿಲು ತಟ್ಟಿ, ಆಮೇಲೆ 14416 ಅಥವಾ 112. ನಿಮ್ಮ ಗೆಳೆಯ ಇದ್ದಕ್ಕಿದ್ದ ಹಾಗೆ ಪುಸ್ತಕ, ಫೋನು ಎಲ್ಲ ಹಂಚತೊಡಗಿದರೆ ನೀವೇ ಕೇಳಿ, ನೇರವಾಗಿ ಕೇಳಿ. ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ.

ದುಡ್ಡು ಬಿದ್ದ ದಿನ

ಸ್ಕಾಲರ್‌ಶಿಪ್ ಜಮಾ ಆದ ಮೆಸೇಜು ಬಂದ ಸಂಜೆಯೇ ಬೆಣ್ಣೆದೋಸೆ ತಿನ್ನಲು ಹೋಗುತ್ತಾರೆ. ಹೋಗಲಿ ಬಿಡಿ, ಅಷ್ಟು ದಿನ ಕಾದಿರುತ್ತಾರೆ. ಮಾರನೇ ದಿನ ಮಾತ್ರ ಈ ಕ್ರಮದಲ್ಲಿ ತೀರಿಸಿ: ಮೊದಲು ಮೆಸ್ಸು, ಆಮೇಲೆ ಗೆಳೆಯರ ಕೈಗಡ, ಆಮೇಲೆ ಕಾಲೇಜಿಗೆ ಪತ್ರದಲ್ಲಿ ಬರೆದುಕೊಟ್ಟ ಬಾಕಿ. ಮುಂದಿನ ಸೆಮಿಸ್ಟರಿನ ಪರೀಕ್ಷೆ ಫೀಸನ್ನು ಬೇರೆ ಇಡಿ. ಅಂಚೆ ಕಚೇರಿಯ ಉಳಿತಾಯ ಖಾತೆಯಾದರೆ ಯುಪಿಐ ಕೈಗೆ ಬೇಗ ಸಿಗುವುದಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬ್ಯಾಂಕಿನವರು ಕಡಿದುಕೊಳ್ಳುತ್ತಿದ್ದರೆ ಅವತ್ತೇ ಅರ್ಜಿ ಕೊಟ್ಟು ಶೂನ್ಯ ಬ್ಯಾಲೆನ್ಸಿನ ಮೂಲ ಉಳಿತಾಯ ಖಾತೆಗೆ ಬದಲಿಸಿಕೊಳ್ಳಿ.

ಉಳಿದದ್ದು ಇದ್ದರೆ ಊರಿಗೆ ಕಳಿಸಬೇಕು ಅನ್ನಿಸುತ್ತದೆ. ಜುಲೈಗೆ ಬೇಕಾಗುವಷ್ಟು ಇಟ್ಟುಕೊಂಡು ಕಳಿಸಿ, ಎಷ್ಟು ಇಟ್ಟುಕೊಂಡಿದ್ದೀರಿ ಅಂತ ಅಪ್ಪನಿಗೂ ಹೇಳಿ. ಆಗ ಬೀಜ–ಗೊಬ್ಬರದ ಹೊತ್ತಿಗೆ ಅವರಿಗೂ ಒಂದು ಚಿಂತೆ ಕಡಿಮೆ. ಹಾಗೇ ಆದಾಯ ಪ್ರಮಾಣಪತ್ರ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಗುರುತು ಮಾಡಿ. ಮುಂದಿನ ವರ್ಷ ಕೊನೆಯ ವಾರದಲ್ಲಿ ಅಂಗಡಿಗೆ ಓಡಿಬರಬೇಡಿ, ಆಗ ನನಗೂ ಊಟಕ್ಕೆ ಪುರುಸೊತ್ತು ಇರುವುದಿಲ್ಲ.